ಎಲ್ಲರ ಮನೆಬಾಗಿಲಿಗೆ

ಕಚೇರಿ ಹತ್ತಿರವಾದಷ್ಟೂ ಪ್ರಜೆಗಳ ಶ್ರಮ ಕಡಿಮೆಯಾಗುತ್ತದೆ. ಹಿಂದೆ ತಾಲ್ಲೂಕು ಕಚೇರಿಯ ಕೆಲಸಕ್ಕೆ ಬೈಂದೂರಿನವರು ಕುಂದಾಪುರಕ್ಕೂ ಬ್ರಹ್ಮಾವರದವರು ಉಡುಪಿಗೂ ಹೋಗಬೇಕಾಗಿತ್ತು. 2018ರಲ್ಲಿ ಈ ಎರಡು ಊರುಗಳೂ ತಾಲ್ಲೂಕು ಕೇಂದ್ರಗಳಾದವು. ರಾಜ್ಯ ಸರ್ಕಾರದ ಸೇವಾಸಿಂಧು ಜಾಲತಾಣವು ಅನೇಕ ಸೇವೆಗಳನ್ನು ಮನೆಬಾಗಿಲಿಗೇ ತಂದಿತು. ಆದರೆ ಜಾಲತಾಣವೊಂದು ಎಲ್ಲರ ಮನೆಬಾಗಿಲನ್ನೂ ಮುಟ್ಟಬೇಕಾದರೆ ಏನು ಮಾಡಬೇಕು?

ಕಣ್ಣು ಕಾಣದವರು ಗಣಕಯಂತ್ರವನ್ನು ಕಿವಿಯಿಂದ ಓದುತ್ತಾರೆ. ತೆರೆಯ ಮೇಲಿನ ಬರಹವನ್ನು ತಂತ್ರಾಂಶವೊಂದು ಓದಿ ಹೇಳುತ್ತದೆ. ಸುತ್ತೋಲೆಯನ್ನು ಕೇವಲ ಚಿತ್ರವಾಗಿ ಸೇರಿಸಿದರೆ ಆ ಧ್ವನಿ ಮೌನವಾಗಬಹುದು. ಹಳೆಯ ಬಗೆಯ ಫಾಂಟುಗಳ ಬರಹವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ಪದ್ಧತಿಯಲ್ಲಿ ಬರೆದಾಗ ಅದು ಕನ್ನಡವಾಗಿಯೇ ಕೇಳಿಸುತ್ತದೆ. ಅಂತೆಯೇ ಕಿವುಡರಿಗಾಗಿ ಚಲಚ್ಚಿತ್ರದ ಕೆಳಗೆ ಬರಹ, ಕೈ ನಡುಗುವವರಿಗಾಗಿ ಕೀಲಿಮಣೆಯಿಂದಲೇ ಅರ್ಜಿ ತುಂಬುವ ಸೌಕರ್ಯ, ವೃದ್ಧರಿಗಾಗಿ ಹಿಗ್ಗಿಸಬಹುದಾದ ಅಕ್ಷರ, ಇವೆಲ್ಲವೂ ಅಗತ್ಯ.

ಇದು ಕನಿಕರದ ಮಾತಲ್ಲ, ಹಕ್ಕಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಈ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಆಸಿಡ್ ದಾಳಿಯಿಂದ ಕಣ್ಣುಗಳಿಗೆ ಹಾನಿಯಾದ ಮಹಿಳೆಯೊಬ್ಬರು ಕ್ಯಾಮೆರಾದ ಮುಂದೆ ರೆಪ್ಪೆ ಮಿಟುಕಿಸಲಾರದ ಕಾರಣ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಾಯಿತು. ಅವರೂ ಇತರ ಸಂತ್ರಸ್ತರೂ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅಂತರ್ಜಾಲದ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯು ನೀಡಿರುವ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯವು 2025ರ ಏಪ್ರಿಲ್ 30ರಂದು ತೀರ್ಪಿತ್ತಿತು.

ತನ್ನ ಅರ್ಜಿಯನ್ನು ಪರರ ಹಂಗಿಲ್ಲದೆ ತಾನೇ ಸಲ್ಲಿಸುವುದು ಪ್ರತಿಯೊಬ್ಬ ಪ್ರಜೆಗೂ ಸಾಧ್ಯವಾದಾಗ ಮಾತ್ರ ಸೇವೆಯು ಮನೆಬಾಗಿಲಿಗೆ ಬಂದಿತೆನ್ನಬಹುದು.