ಮೋರಿ ಇರುವ ತಿರುವು

ಪುಟ್ಟಿ,

ಮೊನ್ನೆ ನೀನು ನನ್ನ ಸೈಕಲ್ ಅಂಗಡಿಗೆ ಬಂದು ಫೋನಿನಲ್ಲಿ ತೋರಿಸಿದ ದಾರಿಯನ್ನು ಅವತ್ತಿನಿಂದ ಮನಸ್ಸಿನಲ್ಲೇ ತುಳಿಯುತ್ತಿದ್ದೇನೆ. ಸಕಲೇಶಪುರದಿಂದ ಕೂಡುರಸ್ತೆ, ಬಿಸಿಲೆ ಘಾಟಿ ಇಳಿದರೆ ಕುಳ್ಕುಂದ, ಸುಬ್ರಹ್ಮಣ್ಯ. ಕಡಬದ ಮೇಲೆ ಉಪ್ಪಿನಂಗಡಿಗೆ ಬಂದು ರಾತ್ರಿ ಅಲ್ಲಿ ತಂಗುವುದು. ಮರುದಿನ ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ. ನಿಮ್ಮಮ್ಮ ಬೇಡವೇ ಬೇಡ ಅಂದಳು. ಹೋಗಿಬರಲಿ ಬಿಡಮ್ಮ ಅಂತ ನಾನೇ ಒಪ್ಪಿಸಿದ್ದೇನೆ. ಒಪ್ಪಿಸಿದ ಮೇಲೆ ನನಗೆ ಗೊತ್ತಿರುವುದನ್ನು ನಿನಗೆ ಹೇಳದೆ ಕಳಿಸುವುದು ತಪ್ಪಾಗುತ್ತದೆ.

ನಮ್ಮ ಸುಲ್ತಾನ್‌ಪೇಟೆಯ ಓಣಿಯಲ್ಲಿ ಬ್ರೇಕು ಹಿಡಿಯದಿದ್ದರೆ ಕಾಲು ನೆಲಕ್ಕೆ ಕೊಟ್ಟರೆ ಮುಗಿಯಿತು. ಎದುರಿಗೆ ಬರುವುದು ಲಗ್ನಪತ್ರಿಕೆಯ ಕಟ್ಟು ಹೊತ್ತ ತಳ್ಳುಗಾಡಿ, ಅದೂ ನಿಂತುಕೊಂಡೇ ಇರುತ್ತದೆ. ನಂದಿಬೆಟ್ಟವನ್ನು ನೀನು ಎಷ್ಟೋ ಭಾನುವಾರ ಹತ್ತಿ ಇಳಿದಿದ್ದೀಯ. 1478 ಮೀಟರ್ ಎತ್ತರದ ಬೆಟ್ಟ, ಹತ್ತುವುದನ್ನು ಚೆನ್ನಾಗಿ ಕಲಿಸುತ್ತದೆ. ಆದರೆ ಅದು ಬಂಡೆಯ ಬೆಟ್ಟ ಕಣಮ್ಮ. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದರೆ ರಸ್ತೆ ಒಣಗಿಬಿಡುತ್ತದೆ. ಘಟ್ಟದ ರಸ್ತೆ ಹಾಗೆ ಒಣಗುವುದಿಲ್ಲ. ಮಳೆಗಾಲ ಮುಗಿದು ತಿಂಗಳೆರಡು ಕಳೆದರೂ ಅಲ್ಲಿನ ಗುಡ್ಡ ಒಳಗೊಳಗೇ ನೀರು ಬಿಡುತ್ತಿರುತ್ತದೆ. ನೀನು ಹೊರಟಿರುವುದು ಡಿಸೆಂಬರಿನಲ್ಲಿ. ರಸ್ತೆ ಒಣಗಿದೆ ಎಂದು ನಂಬಿಸುವ ತಿಂಗಳು ಅದು.

ನಾನು ಹಾಗೆ ನಂಬಿ ಬಿದ್ದವನು. 1979ರ ಕಾರ್ತಿಕದಲ್ಲಿ ನಾವು ನಾಲ್ಕು ಜನ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಸೈಕಲ್ಲಿನಲ್ಲೇ ಹೊರಟೆವು. ನನ್ನದು ಹರ್ಕ್ಯುಲಿಸ್, ಗೇರಿಲ್ಲ, ಕಂಬಿಯ ಬ್ರೇಕು, ಕ್ಯಾರಿಯರಿನ ಮೇಲೆ ಜಮಖಾನ ಮತ್ತು ಚಟ್ನಿಪುಡಿಯ ಡಬ್ಬ. ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ. ಮೂರನೆಯ ದಿನ ಮಧ್ಯಾಹ್ನ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಘಾಟಿ ಇಳಿಯಲು ಶುರುಮಾಡಿದೆವು. ಮೊದಲ ಒಂದೆರಡು ತಿರುವಿನಲ್ಲಿ ಬಿಸಿಲಿತ್ತು, ಗಾಳಿಯಿತ್ತು, ಕೆಳಗೆ ಕಣಿವೆ ಪೂರ್ತಿ ಕಾಣುತ್ತಿತ್ತು. ರಸ್ತೆ ಒಣಗಿ ಬೆಳ್ಳಗಿತ್ತು. ಧೈರ್ಯ ಬಂತು, ಬ್ರೇಕು ಬಿಟ್ಟೆ. ಮುಂದಿನ ತಿರುವು ಗುಡ್ಡದೊಳಕ್ಕೆ ಸರಿದಿತ್ತು. ನೆರಳು, ಅಲ್ಲೊಂದು ಮೋರಿ, ಬಂಡೆಯಿಂದ ಒಸರಿದ ನೀರು ರಸ್ತೆಯ ಮೇಲೆ ಒಂದು ಮಾರಗಲ ಹರಡಿ, ಅದರಡಿ ಹಸಿರು ಪಾಚಿ. ನೋಡಿದ ತಕ್ಷಣ ಕೈ ತಾನಾಗಿ ಮುಂದಿನ ಬ್ರೇಕು ಹಿಂಡಿತು. ಮುಂದಿನ ಚಕ್ರ ಜಾರಿದ್ದು ಗೊತ್ತಾಗುವುದರೊಳಗೆ ನಾನು ಮೋರಿಯ ಕಟ್ಟೆಗೆ ಬಡಿದುಕೊಂಡಿದ್ದೆ. ಆ ಒಂದಡಿ ಕಟ್ಟೆ ಇಲ್ಲದಿದ್ದರೆ ಕೆಳಗೆ ಕಾಡು. ಬಲ ಮೊಣಕೈ ಮುರಿಯಿತು. ಇವತ್ತಿಗೂ ಆ ಕೈಯನ್ನು ಪೂರ್ತಿ ನೀಟಲಾಗುವುದಿಲ್ಲ, ನೀನು ಚಿಕ್ಕವಳಿದ್ದಾಗ ಯಾಕೆ ತಾತ ಅಂತ ಕೇಳುತ್ತಿದ್ದೆಯಲ್ಲ.

ಯಾರೋ ಲಾರಿಯವರು ಉಜಿರೆವರೆಗೆ ಕರೆದುಕೊಂಡು ಹೋದರು. ಲಾರಿಯ ಹಿಂಭಾಗದಲ್ಲಿ ಕೂತು, ನೋವಿನಲ್ಲಿ ಬೇರೇನೂ ತೋಚದೆ, ಉಳಿದ ತಿರುವುಗಳನ್ನೇ ನೋಡುತ್ತಾ ಹೋದೆ. ಆಗ ತಿಳಿಯಿತು. ಘಾಟಿಯ ರಸ್ತೆ ಗುಡ್ಡದ ಮೈಗೆ ಅಂಟಿಕೊಂಡು ಹೋಗುತ್ತದೆ. ಗುಡ್ಡದ ಮೈ ಸೀರೆಯ ನೆರಿಗೆಯ ಹಾಗೆ, ಒಂದು ಉಬ್ಬು, ಒಂದು ತಗ್ಗು. ತಗ್ಗು ಯಾಕಾಯಿತು? ಅಲ್ಲಿ ನೀರು ಹರಿದು ಕೊರೆದದ್ದರಿಂದ. ಹಾಗಾಗಿ ರಸ್ತೆ ಗುಡ್ಡದೊಳಕ್ಕೆ ಸರಿದ ಕಡೆಯಲ್ಲೆಲ್ಲ ಒಂದು ತೊರೆ ಇರುತ್ತದೆ, ತೊರೆ ದಾಟಿಸಲು ಮೋರಿ ಇರುತ್ತದೆ, ನೆರಳು, ಪಾಚಿ, ಕೊಚ್ಚಿ ಬಂದ ಮರಳು, ಕೊಳೆತ ಎಲೆ ಇರುತ್ತವೆ. ರಸ್ತೆ ಹೊರಕ್ಕೆ ಚಾಚಿದ ಕಡೆ ಒಣ ನೆಲ, ಗಾಳಿ, ನೋಟ. ಮನುಷ್ಯ ಹೊರತಿರುವಿನಲ್ಲಿ ವೇಗ ಹಿಡಿಯುತ್ತಾನೆ, ಒಳತಿರುವಿನಲ್ಲಿ ಬೀಳುತ್ತಾನೆ. ಬ್ರೇಕು ಹಿಡಿಯಬೇಕಾದದ್ದು ಇವೆರಡರ ನಡುವಿನ ನೇರ ರಸ್ತೆಯಲ್ಲಿ, ಸೈಕಲ್ ನೆಟ್ಟಗಿರುವಾಗ. ಮೋರಿ ಕಾಣುವ ಹೊತ್ತಿಗೆ ವೇಗ ಆಗಲೇ ಇಳಿದಿರಬೇಕು. ಒದ್ದೆಯ ಮೇಲೆ ಬ್ರೇಕೂ ಬೇಡ, ಪೆಡಲೂ ಬೇಡ, ಹ್ಯಾಂಡಲ್ ನೆಟ್ಟಗೆ ಹಿಡಿದು ದಾಟಿಕೋ. ತಿರುಗುವಾಗ ಹೊರಗಡೆಯ ಕಾಲು ಕೆಳಗಿರಲಿ, ಭಾರ ಅದರ ಮೇಲಿರಲಿ. ಬಿಸಿಲೆಯಲ್ಲಿ ಕಾಂಕ್ರೀಟಿನ ಮೇಲೆ ಪಾಚಿ ಕಟ್ಟಿರುತ್ತದೆ. ಡಾಂಬರಿಗಿಂತ ಅದು ಹೆಚ್ಚು ಜಾರುತ್ತದೆ.

ನೀನು ಎಂಜಿನಿಯರಿಂಗ್ ಓದಿದವಳು, ಈ ಲೆಕ್ಕ ನಿನ್ನಿಂದಲೇ ಕಲಿತದ್ದು. ನೀನೂ ಸೈಕಲ್ಲೂ ಸೇರಿ 75 ಕಿಲೋ, ಇಳಿಯುವುದು 500 ಮೀಟರ್ ಎತ್ತರ ಅಂದುಕೊಂಡರೆ, ಅಷ್ಟು ಶಕ್ತಿಯಲ್ಲಿ ಒಂದು ಲೀಟರ್ ತಣ್ಣೀರು ಕುದಿಯುತ್ತದೆ ಅಂದಿದ್ದೆ. ಬ್ರೇಕು ಒತ್ತಿಕೊಂಡೇ ಮೆಲ್ಲಗೆ ಇಳಿದರೆ ಆ ಶಾಖದಲ್ಲಿ ಹೆಚ್ಚಿನದೆಲ್ಲ ಬ್ರೇಕಿಗೇ ಹೋಗುತ್ತದೆ. ಸುಟ್ಟ ರಬ್ಬರಿನ ವಾಸನೆ ನನಗೆ ಅವತ್ತು ಎರಡನೇ ತಿರುವಿಗೇ ಬಂದಿತ್ತು, ಗಮನ ಕೊಡಲಿಲ್ಲ. ನಿನ್ನದು ಡಿಸ್ಕ್ ಬ್ರೇಕು, ವಾಸನೆ ಬರುವ ಮುಂಚೆಯೇ ಹಿಡಿತ ತಪ್ಪಬಹುದು. ಗಟ್ಟಿಯಾಗಿ ಹಿಡಿದು ವೇಗ ಇಳಿಸು, ಪೂರ್ತಿ ಬಿಡು, ಮತ್ತೆ ಹಿಡಿ. ಬಿಟ್ಟಾಗ ಗಾಳಿ ಅದನ್ನು ತಣಿಸುತ್ತದೆ. ನಾಲ್ಕೈದು ತಿರುವಿಗೊಮ್ಮೆ ನಿಂತು ನೀರು ಕುಡಿ. ನಿಂತಾಗ ಡಿಸ್ಕನ್ನು ಮಾತ್ರ ಮುಟ್ಟಬೇಡ, ಬೆರಳು ಸುಟ್ಟುಹೋಗುತ್ತದೆ.

ನಿನ್ನ ಜೊತೆಯವರು ಬ್ರೆವೆ ಎಂಬ ದೂರದ ಸೈಕಲ್ ಸವಾರಿ ಮಾಡುವವರು, 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಿ ಕಾರ್ಡಿಗೆ ಮೊಹರು ಹಾಕಿಸಿಕೊಂಡವರು. ಆ ಶಿಸ್ತು ನನಗೆ ಮೆಚ್ಚುಗೆ. ಆದರೆ ಇಳಿಜಾರಿನಲ್ಲಿ ಅವರ ಹಿಂದೆ ಓಡಬೇಡ. ಇಪ್ಪತ್ತು ಕಿಲೋಮೀಟರ್ ಇಳಿಜಾರನ್ನು ಗಂಟೆಗೆ 40ರಲ್ಲಿ ಇಳಿದರೆ ಅರ್ಧ ಗಂಟೆ, 25ರಲ್ಲಿ ಇಳಿದರೆ 48 ನಿಮಿಷ. ಉಳಿಯುವುದು ಹದಿನೆಂಟು ನಿಮಿಷ, ನಾನು ಒಂದು ಪಂಕ್ಚರ್ ಹಾಕಿ ಗಾಳಿ ತುಂಬಿ ಕೊಡುವಷ್ಟು ಹೊತ್ತು.

ಬಿಸಿಲೆಯಲ್ಲಿ ನಿಂತರೆ ಎದುರಿಗೆ ಕುಮಾರಪರ್ವತ, 1712 ಮೀಟರ್. ಆ ಸೀಮೆಯ ನೀರು ಕುಮಾರಧಾರೆಯಾಗಿ ಸುಬ್ರಹ್ಮಣ್ಯದ ಪಕ್ಕ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ನೀವು ರಾತ್ರಿ ತಂಗುವುದು ಆ ಸಂಗಮದ ಊರಿನಲ್ಲಿ. ಕತ್ತಲಾಗುವ ಮುಂಚೆ ಸಹಸ್ರಲಿಂಗೇಶ್ವರನ ಗುಡಿಯ ಹತ್ತಿರ ಹೋಗಿ ಎರಡು ಹೊಳೆ ಕೂಡುವುದನ್ನು ನೋಡು. ಮರುದಿನ ನೇತ್ರಾವತಿಯ ಸೀಮೆಯಲ್ಲಿ ಮೇಲಕ್ಕೆ ಹೋಗುತ್ತೀರಿ, ಚಾರ್ಮಾಡಿಯ ಬುಡದಲ್ಲಿ ಮೃತ್ಯುಂಜಯ ಹೊಳೆ ಸಿಗುತ್ತದೆ. ಒಂದು ನೀರಿನ ಜೊತೆ ಇಳಿದು ಇನ್ನೊಂದು ನೀರಿಗೆ ಎದುರಾಗಿ ಹತ್ತುವ ಇಂಥ ದಾರಿ ಹುಡುಕಿದ್ದಕ್ಕೆ ನಿನ್ನ ಮೇಲೆ ನನಗೆ ತುಂಬಾ ಹೆಮ್ಮೆ. ಶಿರಾಡಿಯಲ್ಲಿ ಹೋಗದೆ ಇರುವುದೂ ಒಳ್ಳೆಯದೇ ಆಯಿತು. ಮಂಗಳೂರು ಬಂದರಿನ ಲಾರಿಗಳೆಲ್ಲ ಅದೇ ರಸ್ತೆಯಲ್ಲಿ, ಕೆಂಪುಹೊಳೆಯ ಸದ್ದೂ ಕಿವಿಗೆ ಬೀಳುವುದಿಲ್ಲ.

ಹತ್ತುವ ವಿಷಯ ಹೆಚ್ಚೇನೂ ಹೇಳುವುದಿಲ್ಲ, ನಿನ್ನ ಕಾಲು ನನ್ನದಕ್ಕಿಂತ ಚೆನ್ನಾಗಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ 57 ಸುರಂಗ ಕೊರೆದು ಹಾಕಿದ ರೈಲುದಾರಿಯಲ್ಲೂ ಐವತ್ತು ಅಡಿಗೆ ಒಂದಡಿಯಂತೆಯೇ ಏರಿಸಿದ್ದಾರೆ. ರಸ್ತೆಯ ಏರು ಅದರ ಎರಡರಷ್ಟು, ಕೆಲವು ಕಡೆ ಮೂರರಷ್ಟು. ಉಸಿರು ಕಟ್ಟುವ ಮುಂಚೆ ಸಣ್ಣ ಗೇರಿಗೆ ಬಾ. ಬಾಯಾರುವ ಮುಂಚೆ ಕುಡಿ, ಹಸಿಯುವ ಮುಂಚೆ ಕಡಲೆಕಾಯಿ ಚಿಕ್ಕಿ ಬಾಯಿಗೆ ಹಾಕಿಕೋ. ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಎಂಬುದು ನಿಯಮ, ಆದರೆ ಬಸ್ಸು ಬಂದಾಗ ನಿಯಮ ನೆನಪಿಸಲು ಹೋಗಬೇಡ, ಗುಡ್ಡದ ಕಡೆ ಇಳಿದು ನಿಂತುಕೋ. ಚಾರ್ಮಾಡಿಯಲ್ಲಿ ಕೋತಿಗಳು ರಸ್ತೆಗೆ ಬಂದು ಕೂರುತ್ತವೆ. ಕನಿಕರಪಟ್ಟು ಬಾಳೆಹಣ್ಣು ಕೊಡಬೇಡ, ಕೊಟ್ಟು ಕೊಟ್ಟೇ ಅವು ರಸ್ತೆಗಿಳಿದು ಗಾಡಿಗೆ ಸಿಕ್ಕಿ ಸಾಯುತ್ತಿರುವುದು. ಎರಡು ಘಾಟಿಯನ್ನೂ ಸಂಜೆ ಐದರೊಳಗೆ ಮುಗಿಸು. ಬಿಸಿಲೆ ಆನೆಗಳ ಕಾಡು. ರಸ್ತೆಯಲ್ಲಿ ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ ಕಂಡರೆ ಅಲ್ಲೇ ನಿಲ್ಲು, ಹಿಂದಿನಿಂದ ಯಾವುದಾದರೂ ಜೀಪೋ ಲಾರಿಯೋ ಬರುವವರೆಗೂ ಕಾದು ಅದರ ಜೊತೆ ದಾಟು.

ಇನ್ನೊಂದು ಮಾತು, ಇದನ್ನು ಹೇಳುವಾಗ ಸಂಕಟವಾಗುತ್ತದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡ ಕುಸಿದು ತಿಂಗಳುಗಟ್ಟಲೆ ರಸ್ತೆ ಮುಚ್ಚಿತ್ತು. ಅದರ ಹಿಂದಿನ ವರ್ಷ ಸಂಪಾಜೆ ಕಡೆಯ ಜೋಡುಪಾಲದಲ್ಲಿ ಗುಡ್ಡ ಜಾರಿ ಜೀವಗಳೇ ಹೋದವು. ಹೊಸ ತಡೆಗೋಡೆ, ಕೆಂಪು ಮಣ್ಣಿನ ಬೋಳು ಗುಡ್ಡ ಕಂಡ ಕಡೆ ಫೋಟೋಕ್ಕೆ ನಿಲ್ಲಬೇಡ. ನೀರಿಗೆ ಅದರ ದಾರಿ ಸಿಗದಿದ್ದರೆ ಗುಡ್ಡವನ್ನೇ ತಳ್ಳಿಕೊಂಡು ಬರುತ್ತದೆ. ಅದಕ್ಕೇ ಹೇಳುತ್ತೇನೆ, ಕಸ ಕಟ್ಟಿದ ಮೋರಿ ಕಂಡರೆ ಐದು ನಿಮಿಷ ಇಳಿದು ಬಾಯಲ್ಲಿ ಸಿಕ್ಕಿದ ಬಾಟಲಿ, ಕವರು ಎಳೆದು ಹಾಕು. ನಿಮ್ಮ ಗುಂಪಿನ ಆರು ಜನ ಒಂದೊಂದು ಮೋರಿ ಬಿಡಿಸಿದರೂ ಆ ರಸ್ತೆಗೆ ಅಷ್ಟು ಉಪಕಾರ.

ಕೊಟ್ಟಿಗೆಹಾರ ಮುಟ್ಟಿದ ಮೇಲೆ ಅಲ್ಲಿ ಲೇಖಕ ತೇಜಸ್ವಿ ಅವರ ಹೆಸರಿನ ಪ್ರತಿಷ್ಠಾನವಿದೆ, ಒಳಗೆ ಹೋಗಿ ಬಾ. ನೀರ್‌ದೋಸೆ ತಿಂದು ನಿಮ್ಮಮ್ಮನಿಗೆ ಮೊದಲು ಫೋನ್ ಮಾಡು, ಆಮೇಲೆ ನನಗೆ. ಶುಕ್ರವಾರ ಸಂಜೆ ಏಳರೊಳಗೆ ಸೈಕಲ್ಲನ್ನು ಅಂಗಡಿಗೆ ತಂದುಬಿಡು. ಮೊನ್ನೆ ಹಿಂದಿನ ಚಕ್ರ ತಿರುಗಿಸಿ ನೋಡಿದಾಗ ವಾಲ್ವಿನ ಪಕ್ಕದ ಎರಡು ಕಡ್ಡಿ ಸಡಿಲ ಅನ್ನಿಸಿತು. ಬಿಗಿ ಮಾಡಿ ಆಟ ತೆಗೆದು ಕೊಡುತ್ತೇನೆ.

ನಿನ್ನ ತಾತ