ನೀರನ್ನು ಬೆಟ್ಟಕ್ಕೇರಿಸಿ ಕರೆಂಟು ಕೂಡಿಡುವ ಬಗೆ

ರಾಗಿಯನ್ನು ಹಗೇವಿನಲ್ಲಿ ತುಂಬಿಡಬಹುದು, ಹುಲ್ಲನ್ನು ಬಣವೆ ಒಟ್ಟಬಹುದು. ವಿದ್ಯುಚ್ಛಕ್ತಿಯನ್ನು ಹಾಗೆ ತಂತಿಯಲ್ಲಿ ತುಂಬಿಡಲು ಬರುವುದಿಲ್ಲ. ಹುಟ್ಟಿದ ಕ್ಷಣದಲ್ಲಿಯೇ ಅದು ಖರ್ಚಾಗಬೇಕು. ಖರ್ಚು ಹೆಚ್ಚಿ ಉತ್ಪಾದನೆ ಸಾಲದಾದರೆ, ಸೆಕೆಂಡಿಗೆ 50 ಆವರ್ತನದಂತೆ ನಡೆಯಬೇಕಾದ ಜಾಲದ ಗತಿ ಕುಗ್ಗುತ್ತದೆ. ಜಾಲವೆಲ್ಲ ಕುಸಿಯದಿರಲೆಂದು ಆಗ ಕೆಲವು ಕಡೆ ಕರೆಂಟು ನಿಲ್ಲಿಸುತ್ತಾರೆ. ಹೊಸೂರು ಸೀಮೆಯ ಕೋಸು, ಟೊಮೇಟೊ, ಗುಲಾಬಿ ತೋಟಗಳಲ್ಲಿ ಮೋಟಾರು ನಿಂತರೆ ಆಗುವ ನಷ್ಟವನ್ನು ರೈತ ಬಾಂಧವರಿಗೆ ಹೇಳಬೇಕಾಗಿಲ್ಲ.

ಬಿಸಿಲಿನಿಂದ ಪಡೆಯುವ ವಿದ್ಯುತ್ತು ನಡುಹಗಲಿನಲ್ಲಿ ಮಿಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಇಲ್ಲವಾಗುತ್ತದೆ. ಗಾಳಿಯೂ ನಾವು ಕೇಳಿದಾಗ ಬೀಸುವುದಿಲ್ಲ. ಆದುದರಿಂದ ಕರೆಂಟಿಗೂ ಒಂದು ಹಗೇವು ಬೇಕಾಗಿದೆ.

ಎರಡು ಜಲಾಶಯಗಳ ಉಪಾಯ

ಬೆಟ್ಟದ ಮೇಲೊಂದು, ಕೆಳಗೊಂದು ಜಲಾಶಯವಿರಬೇಕು. ಕರೆಂಟು ಮಿಕ್ಕಿರುವಾಗ ಕೆಳಗಿನ ನೀರನ್ನು ಪಂಪಿನಿಂದ ಮೇಲೇರಿಸುತ್ತಾರೆ. ಬೇಡಿಕೆ ಏರಿದಾಗ ಅದೇ ನೀರನ್ನು ಕೊಳವೆಯಲ್ಲಿ ಇಳಿಬಿಡುತ್ತಾರೆ. ಒಂದೇ ಯಂತ್ರ ಒಂದು ಕಡೆಗೆ ತಿರುಗಿದರೆ ಪಂಪು, ಹಿಂದುಮುಂದಾಗಿ ತಿರುಗಿದರೆ ವಿದ್ಯುತ್ತು ಕೊಡುವ ಟರ್ಬೈನು.

ನಮ್ಮ ರಾಜ್ಯದಲ್ಲಿಯೇ ಇಂಥದೊಂದಿದೆ. ಕೊಯಮತ್ತೂರು ಜಿಲ್ಲೆಯ ಆನೆಮಲೆ ಬೆಟ್ಟಗಳಲ್ಲಿ ಕಡಂಪಾರೈ ಜಲಾಶಯ ಮೇಲಿದೆ, ಮೇಲ್ ಆಳಿಯಾರು ಜಲಾಶಯ ಕೆಳಗಿದೆ. ನೆಲದೊಳಗೆ ಕಟ್ಟಿದ ವಿದ್ಯುದಾಗಾರದಲ್ಲಿ ತಲಾ 100 ಮೆಗಾವಾಟಿನ ನಾಲ್ಕು ಯಂತ್ರಗಳು. ಮೊದಲನೆಯದು 1987ರಲ್ಲಿ ಕೆಲಸಕ್ಕೆ ತೊಡಗಿತು.

ಲೆಕ್ಕ ನೋಡಿರಿ

1,000 ಲೀಟರು ನೀರು 400 ಮೀಟರು ಎತ್ತರದಿಂದ ಇಳಿದರೆ, ಯಂತ್ರದ ನಷ್ಟ ಕಳೆದು ಸುಮಾರು 1 ಯೂನಿಟ್ಟು ದೊರೆಯುತ್ತದೆ. 5 ಅಶ್ವಶಕ್ತಿಯ ಮೋಟಾರು ಅದರಿಂದ ಹೆಚ್ಚುಕಡಿಮೆ ಕಾಲು ಗಂಟೆ ಓಡಬಹುದು. 10 ಮೀಟರು ಎತ್ತರದ ತೊಟ್ಟಿಯಿಂದ ಅಷ್ಟೇ ಪಡೆಯಬೇಕಾದರೆ ಸುಮಾರು 40,000 ಲೀಟರು ಬೇಕು! ಎತ್ತರ ಕಡಿಮೆಯಾದಷ್ಟೂ ನೀರು ಹೆಚ್ಚು ಬೇಕು. ಇಂಥ ಕೆಲಸಕ್ಕೆ ಬೆಟ್ಟವನ್ನೇ ಹುಡುಕುವುದು ಇದರಿಂದಲೇ.

ಇಲ್ಲಿ ಹೊಸ ಶಕ್ತಿ ಹುಟ್ಟುವುದಿಲ್ಲ. ನಾಲ್ಕು ಯೂನಿಟ್ಟು ಹಾಕಿದರೆ ಸುಮಾರು ಮೂರು ಮರಳಿ ಬರುತ್ತದೆ. ಉಳಿದದ್ದು ತಿಕ್ಕಾಟ, ಶಾಖಗಳಲ್ಲಿ ಕಳೆಯುತ್ತದೆ. ಹಾಗಿದ್ದರೂ ಮಿಕ್ಕುಹೋಗುವ ಹೊತ್ತಿನ ಕರೆಂಟು ಕೊರತೆಯ ಹೊತ್ತಿಗೆ ಒದಗುವುದರಿಂದ ಇದು ಲಾಭವೇ.

ಚಕ್ರ ಮತ್ತು ಗಾಳಿ

ಹಳೆಯ ಆಯಿಲ್ ಇಂಜಿನ್ನಿನ ಭಾರಿ ಚಕ್ರವನ್ನು ನೆನೆಯಿರಿ. ಎಣ್ಣೆ ನಿಲ್ಲಿಸಿದರೂ ಅದು ಕೊಂಚ ಹೊತ್ತು ತಿರುಗುತ್ತದೆ. ಅದರ ವೇಗ ಇಮ್ಮಡಿಯಾದರೆ ಕೂಡಿಟ್ಟ ಶಕ್ತಿ ನಾಲ್ಮಡಿಯಾಗುತ್ತದೆ. ದೊಡ್ಡ ವಿದ್ಯುದಾಗಾರಗಳ ತಿರುಗುವ ಯಂತ್ರಭಾಗಗಳೂ ಹೀಗೆಯೇ ಜಾಲದ ಗತಿ ಥಟ್ಟನೆ ಕುಗ್ಗದಂತೆ ತಡೆಯುತ್ತವೆ. ಸೌರಫಲಕದಲ್ಲಿ ತಿರುಗುವ ಭಾಗವಿಲ್ಲ. ಅದಕ್ಕಾಗಿ ಕೆಲವು ದೇಶಗಳಲ್ಲಿ ಇಂಥ ಚಕ್ರಗಳನ್ನೇ ಬೇರೆಯಾಗಿ ಹೂಡಿದ್ದಾರೆ. ಇವು ಕ್ಷಣಗಳ, ನಿಮಿಷಗಳ ಆಸರೆ, ರಾತ್ರಿಯೆಲ್ಲ ನಡೆಸಲಾರವು.

ಜರ್ಮನಿಯ ಹುಂಟೋರ್ಫಿನಲ್ಲಿ 1978ರಿಂದ ಉಪ್ಪಿನ ಗವಿಗಳೊಳಗೆ ಗಾಳಿಯನ್ನು ಒತ್ತಿ ತುಂಬಿಟ್ಟು, ಬೇಕಾದಾಗ ಅನಿಲ ಉರಿಸಿ ಅದನ್ನು ಕಾಯಿಸಿ ಟರ್ಬೈನು ತಿರುಗಿಸುವ ಏರ್ಪಾಡಿದೆ. ಅಂಥ ಗವಿ ಎಲ್ಲೆಡೆ ಸಿಕ್ಕುವುದಿಲ್ಲ.

ಬೆಟ್ಟವೂ ಪುಕ್ಕಟೆಯಲ್ಲ. ಕರ್ನಾಟಕದ ಶರಾವತಿಯಲ್ಲಿ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಯೋಜನೆ ಹಾಕಿದಾಗ, ಸಿಂಗಳೀಕಗಳ ಕಾಡು ಹಾಳಾದೀತೆಂದು ವಿರೋಧ ಎದ್ದಿತು. ಲಾಭವನ್ನೂ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕು.

ನಾವು ಮಾಡಬಹುದಾದದ್ದು

ಕರೆಂಟು ಕೂಡಿಡುವುದು ರೈತನ ಅಳವಲ್ಲ. ಎತ್ತಿದ ನೀರನ್ನು ಕೂಡಿಡುವುದು ಅವನ ಅಳವು. ಹೊಲದ ಎತ್ತರದ ಮೂಲೆಯಲ್ಲಿ ತೊಟ್ಟಿ ಕಟ್ಟಿರಿ. ಕರೆಂಟು ಬಂದಾಗ ತುಂಬಿ, ಹೋದಾಗ ಇಳಿನೀರಾಗಿ ಹಾಯಿಸಿರಿ. ಹನಿ ನೀರಾವರಿಗೆ ತೊಟ್ಟಿಯ ಎತ್ತರ ಸಾಲುವುದೇ ಎಂದು ಮೊದಲೇ ಅಳೆದುಕೊಳ್ಳಿರಿ. ಕರೆಂಟು ಬಂದೊಡನೆ ಊರಿನ ಮೋಟಾರುಗಳೆಲ್ಲ ಒಟ್ಟಿಗೆ ಹೊರಟರೆ ವೋಲ್ಟೇಜು ಕುಸಿಯುತ್ತದೆ. ನೆರೆಹೊರೆಯವರು ಮಾತಾಡಿಕೊಂಡು ಕೆಲವು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹಾಕಿದರೆ ಎಲ್ಲರ ಮೋಟಾರೂ ಉಳಿಯುತ್ತದೆ.