ಹಳೆಯ ಬೋಟ್ ಮೋಟರ್ ಕೊಳ್ಳುವವರಿಗೊಂದು ಕಿವಿಮಾತು

ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿದ 2019 ಮತ್ತು 2021ರಲ್ಲಿ ಚಿಕ್ಕೋಡಿ, ಅಥಣಿ, ಕಾಗವಾಡ ಕಡೆಯ ಹೊಳೆದಂಡೆಯ ಜನ ದೋಣಿಯನ್ನೇ ನಂಬಬೇಕಾಯಿತು. ಅದಕ್ಕೆಂದು ಹಳೆಯ ಮೋಟರ್ ಕೊಳ್ಳುವವರು, ‘ನಮ್ಮದು ಸಿಹಿನೀರು, ಉಪ್ಪಿನ ಕಾಟ ಎಲ್ಲಿಯದು?’ ಎನ್ನಬಹುದು. ಹೊಳೆ ಸಿಹಿಯೇ, ಒಪ್ಪೋಣ. ಆದರೆ ಮೋಟರ್ ಕಡಲಲ್ಲಿ ದುಡಿದು ಬಂದದ್ದಾದರೆ ಸಿಲಿಂಡರಿನ ಸುತ್ತ ನೀರು ಹರಿಯುವ ಹಾದಿಯಲ್ಲಿ ಉಪ್ಪು, ಸುಣ್ಣ ಆಗಲೇ ಗಟ್ಟಿಯಾಗಿ ಕೂತಿರುತ್ತವೆ. ಮೇಲೆ ನಮ್ಮ ಹೊಳೆಯ ರಾಡಿ ಬೇರೆ. ಪಕ್ಕದ ತೂತಿನಿಂದ ನೀರು ಚಿಮ್ಮುತ್ತಿದೆಯಲ್ಲ ಎಂದು ಸಮಾಧಾನಪಡಬೇಡಿ. ಪಂಪ್ ನೀರೆತ್ತುತ್ತಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ, ಒಳಹಾದಿಯೆಲ್ಲ ತೆರೆದಿದೆ ಎಂಬುದಕ್ಕಲ್ಲ.

ಈ ಹಾದಿಯನ್ನು ಸ್ವಚ್ಛ ಮಾಡಲು ಪಾಯಖಾನೆ ತೊಳೆಯುವ ಆ್ಯಸಿಡ್ ಸುರಿದರೆ ಬೇಗ ಮುಗಿಯುತ್ತದೆ ಎನ್ನುವವರ ಮಾತಂತೂ ಕೇಳಲೇಬೇಡಿ. ಅದು ಸುಣ್ಣದ ಜೊತೆಗೆ ಮೋಟರಿನ ಅಲ್ಯುಮಿನಿಯಂ ಅನ್ನೂ ತಿನ್ನುತ್ತದೆ. ಥರ್ಮೋಸ್ಟಾಟ್ ಬಿಚ್ಚಿಟ್ಟು, ವಿನೆಗರ್ ಇಲ್ಲವೇ ಸಿಟ್ರಿಕ್ ಆ್ಯಸಿಡ್ ಪುಡಿ ಕಲಸಿದ ಬೆಚ್ಚನೆಯ ನೀರನ್ನು ಸಣ್ಣ ಪಂಪಿನಿಂದ ಒಳಗೆ ಸುತ್ತಾಡಿಸಿ, ಆಮೇಲೆ ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ. ಹುಳಿನೀರು ರಾತ್ರಿಯಿಡೀ ಒಳಗಿರಬಾರದು. ಪಂಪಿನ ರಬ್ಬರ್ ಇಂಪೆಲರ್ ಹೊಸದು ಹಾಕಿಸಿ. ನೀರಿಲ್ಲದೆ ಮೋಟರ್ ಚಾಲೂ ಮಾಡಿದರೆ ಇಂಪೆಲರ್ ನೋಡುನೋಡುತ್ತಲೇ ಹಾಳಾಗುತ್ತದೆ. ಮೋಟರಿನ ಪರೀಕ್ಷೆಯನ್ನು ರೋಹಿಣಿ ಮಳೆಗೆ ಮುಂಚೆಯೇ, ನೀರು ತುಂಬಿದ ಡ್ರಮ್ಮಿನಲ್ಲಿಟ್ಟು ಮುಗಿಸಿಬಿಡಿ.